ಟಮ್ಮಿ ಟಕ್ ನಂತರದ ಊತ: ನೀರನ್ನು ಕಂಕುಳಿನ ದಾರಿಗೆ ತಿರುಗಿಸಿದ ನನ್ನ ಅನುಭವ

ಟಮ್ಮಿ ಟಕ್ (ಜೋಲುಬಿದ್ದ ಹೊಟ್ಟೆಯ ಚರ್ಮವನ್ನು ಕತ್ತರಿಸಿ ಬಿಗಿ ಮಾಡುವ ಆಪರೇಷನ್) ಆದವರ ಹೊಟ್ಟೆಯ ಊತವನ್ನು ಕೈಯಿಂದ ಹಗುರವಾಗಿ ಸವರಿ ಕಂಕುಳಿನ ಕಡೆಗೆ ಸಾಗಿಸಬೇಕು, ತೊಡೆಸಂದಿಗೆ ತಳ್ಳಬಾರದು ಎಂದು ನಾನು ಹೇಳತೊಡಗಿದ ಕಾಲದಲ್ಲಿ ಬೆಂಗಳೂರಿನ ನನ್ನ ಫಿಸಿಯೋಥೆರಪಿ ಬಳಗದಲ್ಲಿ ಅದನ್ನು ಒಪ್ಪಿದವರು ಇರಲಿಲ್ಲವೆಂದೇ ಹೇಳಬೇಕು. "ನೀರು ಮೇಲಕ್ಕೆ ಹರಿಯುವುದನ್ನು ನಿನ್ನ ಕ್ಲಿನಿಕ್ಕಿನಲ್ಲಿ ಮಾತ್ರ ನೋಡಬೇಕಮ್ಮ" ಎಂದು ಹಿರಿಯರೊಬ್ಬರು ನಕ್ಕಿದ್ದರು. ಈಗ ಅವರೇ ತಮ್ಮ ಪೇಷಂಟುಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ, ಕಳಿಸುವ ಮುನ್ನ ಫೋನ್ ಮಾಡಿ ಕ್ರಮವನ್ನೂ ವಿಚಾರಿಸಿಕೊಳ್ಳುತ್ತಾರೆ. ಹೀಗೆ ವಿಚಾರಿಸುವವರು ಹೆಚ್ಚಿದ್ದರಿಂದ ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು. ದುಗ್ಧರಸ (ಊತವಾಗಿ ನಿಲ್ಲುವ ನೀರನ್ನು ಒಯ್ಯುವ ರಸ) ಹೇಗೆ ಹರಿಯುತ್ತದೆ, ಅದನ್ನು ಸೋಸುವ ಗ್ರಂಥಿಗಳು ಕಂಕುಳು, ತೊಡೆಸಂದಿ ಮೊದಲಾಗಿ ಎಲ್ಲೆಲ್ಲಿವೆ ಎಂಬುದನ್ನು ನೀವೆಲ್ಲ ಓದಿಯೇ ಬಂದಿದ್ದೀರಿ. ಆ ಪಾಠವನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಕೈ ಊದಿಕೊಂಡ ಹೆಂಗಸರ ಮೂಲಕ. 1930ರ ದಶಕದಲ್ಲಿ ಡೆನ್ಮಾರ್ಕಿನ ವೊಡ್ಡರ್ ದಂಪತಿಗಳು ರೂಪಿಸಿದ ದುಗ್ಧರಸವನ್ನು ಸಾಗಿಸುವ ಹಗುರವಾದ ಮಸಾಜಿನ ಹಸ್ತಕ್ರಮವನ್ನು ಆ ಕೈಗಳ ಮೇಲೆಯೇ ಕಲಿತೆ. ನಂತರ ಕಾಸ್ಮೆಟಿಕ್ ಸರ್ಜರಿಯ ಕೇಸುಗಳು ಒಂದೊಂದಾಗಿ ಬರತೊಡಗಿದವು. ಲಿಪೊಸಕ್ಷನ್ (ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು) ಮಾತ್ರ ಆದವರಲ್ಲಿ ತೊಂದರೆ ಕಾಣಲಿಲ್ಲ, ಹೊಕ್ಕುಳಿಂದ ಕೆಳಗಿನದನ್ನು ತೊಡೆಸಂದಿಗೆ, ಮೇಲಿನದನ್ನು ಕಂಕುಳಿಗೆ ಎಂಬ ಪುಸ್ತಕದ ಕ್ರಮವೇ ಸಾಕಾಗುತ್ತಿತ್ತು. ಟಮ್ಮಿ ಟಕ್ ಆದವರಲ್ಲಿ ಮಾತ್ರ ಎಷ್ಟು ಶ್ರದ್ಧೆಯಿಂದ ಕೆಳಕ್ಕೆ ಸಾಗಿಸಿದರೂ ಹೊಲಿಗೆಯ ಗೆರೆಯ ಮೇಲೆ ಸೊಂಟದಿಂದ ಸೊಂಟದವರೆಗೆ ಮೆತ್ತನೆಯ ಏಣೊಂದು ನಿಂತೇ ಇರುತ್ತಿತ್ತು, ಬೆಳಿಗ್ಗೆ ತಗ್ಗಿದ್ದು ಸಂಜೆಗೆ ಮತ್ತೆ ಉಬ್ಬುತ್ತಿತ್ತು.

ಮೊದಲು ಯಂತ್ರವನ್ನು ನಂಬಿದೆ. ಕಾಲಿಗೆ ತೊಡಿಸಿ ಗಾಳಿ ತುಂಬಿ ಒತ್ತುವ ಕಂಪ್ರೆಷನ್ ಪಂಪ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ, ಸುಮಾರು ತೊಂಬತ್ತು ಸಾವಿರಕ್ಕೆ, ಅದರಲ್ಲಿ ಅರ್ಧ ಸಾಲ ಮಾಡಿ ತಂದೆ. ಆ ಪಂಪಿನ ಚೀಲಗಳು ತೊಡೆಯ ಬುಡಕ್ಕೆ ಮುಗಿಯುತ್ತವೆ. ಕಾಲಿನ ನೀರೆಲ್ಲ ಮೇಲೇರಿ, ಮೊದಲೇ ದಾರಿ ಕಟ್ಟಿದ್ದ ತೊಡೆಸಂದಿಯಲ್ಲಿಯೂ ಗುಪ್ತಾಂಗದ ಸುತ್ತಲೂ ನಿಂತುಬಿಡುತ್ತಿತ್ತು. ಹೊಟ್ಟೆ ಇಳಿಸಿಕೊಳ್ಳಲು ಬಂದವರು ಕೂರಲಾಗದೆ ಒದ್ದಾಡುತ್ತಿದ್ದರು. ಒಂದು ವರ್ಷದೊಳಗೆ ಅದನ್ನು ಅರ್ಧ ಬೆಲೆಗೆ ಮಾರಿದೆ. ಒತ್ತಡವನ್ನು ಹೆಚ್ಚಿಸಿ ಮಾಡುವ ಮಸಾಜನ್ನೂ ಕೆಲವು ಕಾಲ ಪರೀಕ್ಷಿಸಿ ನೋಡಿದ್ದುಂಟು. ಪೇಷಂಟಿಗೆ ಬಹಳ ಸಮಾಧಾನವಾಗುತ್ತಿತ್ತು, ದುಡ್ಡಿಗೆ ತಕ್ಕ ಕೆಲಸ ನಡೆಯಿತೆನ್ನುತ್ತಿದ್ದರು, ಆದರೆ ಮರುದಿನ ಟೇಪ್ ಹಿಡಿದರೆ ಸುತ್ತಳತೆ ಒಂದು ಸೆಂಟಿಮೀಟರ್ ಹೆಚ್ಚೇ ಇರುತ್ತಿತ್ತು.

ದಾರಿ ಸಿಕ್ಕಿದ್ದು ನನ್ನ ಹಳೆಯ ಕ್ಯಾನ್ಸರ್ ಕೇಸುಗಳಿಂದಲೇ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈಯ ನೀರನ್ನು ನಾವು ಯಾರೂ ಅದೇ ಕಂಕುಳಿಗೆ ತಳ್ಳುವುದಿಲ್ಲ. ಎದುರು ಕಂಕುಳಿಗೋ ಅದೇ ಬದಿಯ ತೊಡೆಸಂದಿಗೋ ಬಳಸಿಕೊಂಡು ಒಯ್ಯುತ್ತೇವೆ. ಟಮ್ಮಿ ಟಕ್‌ನಲ್ಲಿ ಸರ್ಜನ್ನರು ಹೊಕ್ಕುಳ ಕೆಳಗಿನ ಚರ್ಮವನ್ನು ಕತ್ತರಿಸಿ ತೆಗೆದು, ಮೇಲಿನ ಚರ್ಮವನ್ನು ಕೆಳಗೆಳೆದು ಹೊಲಿಯುತ್ತಾರೆ. ಹೊಲಿಗೆಯ ಮೇಲೆ ಕಾಣುವ ಚರ್ಮ ಹುಟ್ಟಿನಿಂದಲೂ ಕಂಕುಳಿಗೆ ಸೇರಿದ್ದು. ತೊಡೆಸಂದಿಗೆ ಹೋಗುವ ನಾಳಗಳು ಆ ಗೆರೆಯಲ್ಲಿ ತುಂಡಾಗಿವೆ. ಇಷ್ಟು ಸರಳವಾದ ಸಂಗತಿ ಯಾರಿಗೂ ಹೊಳೆಯಲಿಲ್ಲವೆಂದು ನಾನು ಹೇಳುವುದಿಲ್ಲ, ಹೊಳೆದವರು ಹೊರದೇಶಗಳಲ್ಲಿ ಇದ್ದೇ ಇದ್ದಾರೆ. ನಮ್ಮ ಬಳಗದಲ್ಲಿ ಮೊದಲು ಹಟ ಹಿಡಿದು ಮಾಡಿದವಳು ನಾನು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ನನ್ನ ಕ್ರಮ ಹೀಗಿದೆ. ಸರ್ಜನ್ನರ ಒಪ್ಪಿಗೆ ಸಿಕ್ಕ ಮೇಲೆ, ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದೊಳಗೆ, ಗಾಯದ ನೀರನ್ನು ಹೊರಗೆ ಬಸಿಯುವ ಡ್ರೈನ್ ನಳಿಕೆಗಳು ಇನ್ನೂ ಇರುವಾಗಲೇ ಆರಂಭಿಸುತ್ತೇನೆ. ತಲೆಯ ಕಡೆ ಎತ್ತರಿಸಿ, ಮಂಡಿಯ ಕೆಳಗೆ ಎರಡು ದಿಂಬು ಕೊಟ್ಟು ಮಲಗಿಸಬೇಕು. ಚಪ್ಪಟೆಯಾಗಿ ಮಲಗಿಸಿದರೆ ಹೊಲಿಗೆ ಎಳೆಯುತ್ತದೆ. ಮೊದಲ ಹತ್ತು ನಿಮಿಷ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಕಾಲರ್ ಮೂಳೆಯ ಮೇಲಿನ ಗುಳಿಗಳು, ಅದರಲ್ಲೂ ಎಡಗಡೆಯದು, ಆಮೇಲೆ ಎರಡೂ ಕಂಕುಳು, ಆಮೇಲೆ ಪಕ್ಕೆಯ ಮೇಲ್ಭಾಗ. ಪಕ್ಕೆಯ ಕೆಳಭಾಗ ಅದರ ನಂತರ, ಹೊಲಿಗೆಯ ಮೇಲಿನ ಏಣು ಎಲ್ಲಕ್ಕಿಂತ ಕೊನೆಗೆ. ಮುಂದಿನ ಜಾಗವನ್ನು ಖಾಲಿ ಮಾಡದೆ ಹಿಂದಿನದನ್ನು ಕದಲಿಸಬಾರದು. ಹೊಕ್ಕುಳಿನ ನೇರದಲ್ಲಿ ನಡುಗೆರೆ ಹಿಡಿದು ಬಲಭಾಗವನ್ನು ಬಲ ಕಂಕುಳಿಗೂ ಎಡಭಾಗವನ್ನು ಎಡ ಕಂಕುಳಿಗೂ ಓರೆಯಾಗಿ ಮೇಲಕ್ಕೆ ಕಳಿಸುತ್ತೇನೆ. ಹೊಟ್ಟೆಯ ಸ್ನಾಯು ಹೊಲಿದವರಿಗೆ ಮೊದಲ ವಾರ ಆಳವಾದ ಉಸಿರಾಟ ನೋವು ಕೊಡುವುದರಿಂದ ಪಕ್ಕೆಲುಬು ಅಗಲುವಷ್ಟೇ ಉಸಿರು ತೆಗೆದುಕೊಳ್ಳಲು ಹೇಳುತ್ತೇನೆ. ಒಂದು ಸಲಕ್ಕೆ ನಲವತ್ತೈದು ನಿಮಿಷ, ಮೊದಲೆರಡು ವಾರ ದಿನ ಬಿಟ್ಟು ದಿನ, ಅನಂತರ ವಾರಕ್ಕೆರಡರಂತೆ ಐದಾರು ವಾರ. ಮೂರನೆಯ ವಾರದ ಹೊತ್ತಿಗೆ ಒಳಗೆ ಗಟ್ಟಿಯಾಗತೊಡಗುವ ಜಾಗಗಳಿಗೆ ಕೈ ಬದಲಾಗಬೇಕು. ಅಲ್ಲಿ ನಾನು ಹೆಬ್ಬೆರಳಿನಿಂದ ಏನು ಮಾಡುತ್ತೇನೆ ಎಂಬುದನ್ನು ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ, ಅದು ಬರೆದು ತಿಳಿಯುವಂಥದ್ದೂ ಅಲ್ಲ, ಸುಮ್ಮನೆ ಹಂಚುವ ಮನಸ್ಸೂ ನನಗಿಲ್ಲ.

ಎಣ್ಣೆ ಹಚ್ಚುವುದಿಲ್ಲ. ಕೈ ಜಾರಿದರೆ ಚರ್ಮ ಹಿಗ್ಗುವುದಿಲ್ಲ, ಚರ್ಮ ಹಿಗ್ಗದಿದ್ದರೆ ನೀರು ಕದಲುವುದಿಲ್ಲ. ಇದನ್ನು ಪೇಷಂಟಿಗೆ ಒಪ್ಪಿಸಬಹುದು, ಜೊತೆಗೆ ಬಂದ ಅತ್ತೆಗೆ ಒಪ್ಪಿಸುವುದು ಕಷ್ಟ. "ಎಣ್ಣೆಯನ್ನೇ ಮುಟ್ಟಿಸಲಿಲ್ಲ, ಸವರಿದ್ದಕ್ಕೇ ಇಷ್ಟು ದುಡ್ಡೇ?" ಎಂದು ಕೇಳಿದವರಿದ್ದಾರೆ. ಬಾಣಂತಿಯನ್ನು ಎರೆದು ಅಭ್ಯಾಸವಿರುವ ಹಿರಿಯರು ಮನೆಯಲ್ಲಿ ಬಿಸಿನೀರಿನ ಶಾಖ ಕೊಟ್ಟುಬಿಡುವುದುಂಟು. ಆಪರೇಷನ್ ಆದ ಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶಜ್ಞಾನ ಸರಿಯಾಗಿರುವುದಿಲ್ಲ, ಸುಡುತ್ತಿರುವುದೇ ತಿಳಿಯದೆ ಬೊಬ್ಬೆ ಏಳುತ್ತದೆ. ಆದ್ದರಿಂದ ಮೊದಲ ದಿನವೇ ಮನೆಯ ಹಿರಿಯರನ್ನು ಕೂರಿಸಿಕೊಂಡು, ಶಾಖ ಬೇಡ, ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ, ಸರ್ಜನ್ನರು ಕೊಟ್ಟ ಗಾರ್ಮೆಂಟ್ (ಹೊಟ್ಟೆಯನ್ನು ಒತ್ತಿ ಹಿಡಿಯುವ ಉಡುಪು) ಸಾಕು ಎಂದು ಹೇಳಿ ಕಳಿಸುತ್ತೇನೆ.

ಈ ಕ್ರಮವನ್ನು ಹಿಡಿದ ಮೇಲೂ ಒಬ್ಬ ಹೆಂಗಸಿನಲ್ಲಿ ಊತ ಇಳಿಯಲೇ ಇಲ್ಲ. ಮೇಜಿನ ಮೇಲೆ ಎರಡು ಸೆಂಟಿಮೀಟರ್ ಇಳಿದದ್ದು ಮುಂದಿನ ಸಲ ಬರುವಷ್ಟರಲ್ಲಿ ಮರಳಿರುತ್ತಿತ್ತು. ಒಂದು ಸಂಜೆ ಆಕೆ ಮದುವೆ ಮನೆಯಿಂದ ನೇರವಾಗಿ ಬಂದಾಗ ಕಾರಣ ಕಣ್ಣಿಗೆ ಬಿತ್ತು: ಸೊಂಟದ ಸುತ್ತ, ಗಾರ್ಮೆಂಟಿನ ಮೇಲಿನಿಂದಲೇ ಬಿಗಿದ ಲಂಗದ ಲಾಡಿ, ಅದು ಬಿಟ್ಟ ಕಡ್ಡಿ ದಪ್ಪದ ಗುಳಿ, ಗುಳಿಯ ಕೆಳಗೆ ತುಂಬಿ ನಿಂತ ನೀರು. ಕಂಕುಳಿಗೆ ಹೋಗುವ ದಾರಿಯನ್ನು ಪಕ್ಕೆಯಲ್ಲೇ ದಾರ ಹಾಕಿ ಕಟ್ಟಿದ್ದ ಹಾಗಿತ್ತು. ಅಂದಿನಿಂದ ಆರು ವಾರ ಸೀರೆ ಉಡುವಂತಿಲ್ಲ, ನೈಟಿ ಅಥವಾ ಸಡಿಲ ಕುರ್ತಾ ಮಾತ್ರ ಎಂಬುದು ನನ್ನ ನಿಯಮ. ಕೂತಾಗ ಗಾರ್ಮೆಂಟ್ ಸುರುಳಿ ಸುತ್ತಿಕೊಂಡು ಬಿಡುವ ಗೆರೆಯೂ ಇದೇ ಕೆಲಸ ಮಾಡುತ್ತದೆ. ಕಾರಿನಲ್ಲಿ ದೂರದಿಂದ ಬರುವವರಿಗೆ ಸೀಟು ಹಿಂದಕ್ಕೆ ಬಾಗಿಸಿಕೊಳ್ಳಿ ಎನ್ನುತ್ತೇನೆ.

ಆ ಸುರುಳಿಯನ್ನು ತಡೆಯಲು ನಡೆಸಿದ ಪ್ರಯೋಗಗಳಿಗೆ ಕೈಯಿಂದ ಖರ್ಚಾದದ್ದು ಹೆಚ್ಚಲ್ಲ. ಗಾರ್ಮೆಂಟಿನೊಳಗೆ ಇಡಲು ಹೊರದೇಶದ ಫೋಮ್ ಬೋರ್ಡು ತರಿಸಿದರೆ ಮೂರು ಸಾವಿರದ ಆಸುಪಾಸು ಬೀಳುತ್ತಿತ್ತು. ಹಳೆಯ ಯೋಗ ಮ್ಯಾಟನ್ನು ಕತ್ತರಿಸಿ ಅಂಚುಗಳನ್ನು ಇಳಿಜಾರು ಮಾಡಿ ಹತ್ತಿಬಟ್ಟೆ ಹೊಲಿಸಿದೆ, ಇನ್ನೂರು ರೂಪಾಯಿಗೆ ಮುಗಿಯಿತು. ಅಂಚನ್ನು ಹಾಗೆ ಓರೆ ಮಾಡದಿದ್ದರೆ ಅದೇ ಹೊಸ ಗುಳಿ ಬೀಳಿಸುತ್ತದೆ. ಗಟ್ಟಿಯಾದ ಜಾಗಗಳ ಮೇಲೆ ಇಡಲು ಮಗುವಿನ ಸಾಸಿವೆ ದಿಂಬಿನ ಮಾದರಿಯಲ್ಲಿ ಸಾಸಿವೆ ತುಂಬಿದ ಚಪ್ಪಟೆ ಚೀಲವನ್ನೂ ಹೊಲಿಸಿ ನೋಡಿದೆ. ಭಾರಕ್ಕೆ ಕೆಳಗೆ ಜಾರುತ್ತಿತ್ತು, ಬೆವರಿಗೆ ವಾಸನೆ ಬರುತ್ತಿತ್ತು. ಫೋಮಿನ ಚೂರುಗಳನ್ನು ತುಂಬಿದ ಚೀಲವೇ ಕೊನೆಗೂ ನಿಂತದ್ದು. ಬೀಸಣಿಗೆಯಂತೆ ಸೀಳಿ ಅಂಟಿಸುವ ಕೈನೆಸಿಯೋ ಟೇಪನ್ನು (ಹಿಗ್ಗುವ ಬಟ್ಟೆಯ ಅಂಟುಪಟ್ಟಿ) ಪಕ್ಕೆಯ ಕಂದಿದ ಜಾಗಕ್ಕೆ ಹಾಕಿದರೆ, ನಾಲ್ಕನೆಯ ದಿನ ತೆಗೆದಾಗ ಪಟ್ಟಿಗಳಿದ್ದಲ್ಲಿ ಚರ್ಮ ಬೆಳ್ಳಗೆ, ನಡುವೆ ಹಸಿರು ನೀಲಿ ಗೆರೆಗಳಾಗಿ ಉಳಿದಿರುತ್ತದೆ. ಪೇಷಂಟಿಗೆ ನಂಬಿಕೆ ಬರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಬೇಸಗೆಯಲ್ಲಿ ಗಾರ್ಮೆಂಟಿನ ಕೆಳಗೆ ಬೆವರಿ ತುರಿಕೆ ಎದ್ದು ಅನೇಕರಲ್ಲಿ ಕಿತ್ತು ಹಾಕಬೇಕಾಯಿತು.

ಇನ್ನೊಂದು ಬೇಡಿಕೆ ಈಚೆಗೆ ಹೆಚ್ಚಾಗಿದೆ. ಲಿಪೊಸಕ್ಷನ್ನಿನ ರಂಧ್ರಗಳಿಂದಲೇ ನೀರನ್ನು ಹಿಂಡಿ ಹೊರಗೆ ಹರಿಸುವ ವಿಡಿಯೋಗಳನ್ನು ನೋಡಿ ಹಾಗೆಯೇ ಮಾಡಿ ಎಂದು ಕೇಳುತ್ತಾರೆ. ಮುಚ್ಚುತ್ತಿರುವ ಗಾಯವನ್ನು ತೆರೆದು ಸೋಂಕನ್ನು ಕರೆಯುವ ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ, ಎಷ್ಟು ಕೊಟ್ಟರೂ ಸರಿಯೇ. ಒತ್ತಿದರೆ ಅಲೆಯಂತೆ ಆಚೆ ಬದಿಗೆ ತಾಗುವ ನೀರು ಸಿಕ್ಕಿದರೆ ಅದು ಸೀರೋಮಾ, ಅಂದರೆ ಚರ್ಮದ ಕೆಳಗೆ ಒಂದೆಡೆ ಸಂಗ್ರಹವಾದ ದ್ರವ. ಅದನ್ನು ಸರ್ಜನ್ನರು ಸೂಜಿ ಹಾಕಿ ತೆಗೆಯಬೇಕು, ಮಸಾಜಿನಿಂದ ಹೋಗುವಂಥದ್ದಲ್ಲ. ಜ್ವರ, ಕೆಂಪಾಗಿ ಬಿಸಿಯಾದ ಚರ್ಮ, ಒಂದೇ ಮೀನಖಂಡದ ನೋವು ಮತ್ತು ಊತ, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅಂದು ಕೈ ಮುಟ್ಟಿಸದೆ ಆಸ್ಪತ್ರೆಗೆ ಕಳಿಸುತ್ತೇನೆ.

ಮಸಾಜು ಹೊಲಿಗೆಯನ್ನು ಕೆಡಿಸುತ್ತದೆಂದು ಖಡಾಖಂಡಿತವಾಗಿ ಹೇಳುತ್ತಿದ್ದ ಸರ್ಜನ್ ಒಬ್ಬರು, ಅವರ ಪೇಷಂಟೇ ಪಟ್ಟು ಹಿಡಿದದ್ದರಿಂದ, ಒಂದು ಕೇಸ್ ಕೊಟ್ಟರು. ಹೊಕ್ಕುಳಿನ ನೇರ, ಅದರ ಮೇಲೆ ಐದು ಮತ್ತು ಕೆಳಗೆ ಐದು ಸೆಂಟಿಮೀಟರ್, ಹೀಗೆ ಮೂರು ಕಡೆ, ಪ್ರತಿ ಸಲವೂ ಗಾರ್ಮೆಂಟ್ ಬಿಚ್ಚಿ ಹತ್ತು ನಿಮಿಷದ ಮೇಲೆ, ಬೆಳಗಿನ ಹೊತ್ತಿನಲ್ಲೇ ಅಳೆದು ಬರೆದ ಹಾಳೆಯನ್ನು ಅವರ ಮುಂದಿಟ್ಟೆ. ಕೆಳಗಿನ ಅಳತೆ ಎರಡು ವಾರದಲ್ಲಿ ಐದಾರು ಸೆಂಟಿಮೀಟರ್ ಇಳಿದಿತ್ತು ಎಂದು ನೆನಪು. ಆಮೇಲೆ ಅವರ ಬಹುತೇಕ ಕೇಸುಗಳು ನನಗೇ ಬಂದವು. ಹಿಂದೆ ವಾರವಾರವೂ ನೂರು ನೂರೈವತ್ತು ಎಂ.ಎಲ್. ಸೀರೋಮಾ ನೀರನ್ನು ಸೂಜಿಯಲ್ಲಿ ತೆಗೆಯುತ್ತಿದ್ದವರು ಈಗ ಅಪರೂಪಕ್ಕೆ ತೆಗೆಯುತ್ತಾರೆ. ಅದರ ಕೀರ್ತಿಯನ್ನೆಲ್ಲ ನಾನೇ ಹೊರುವುದು ನ್ಯಾಯವಲ್ಲ: ಅದೇ ಸುಮಾರಿಗೆ ಅವರು ಚರ್ಮದ ಒಳಮೈಯನ್ನು ಸ್ನಾಯುವಿಗೆ ಅಲ್ಲಲ್ಲಿ ಹೊಲಿದು ಕೂರಿಸುವ ವಿಧಾನಕ್ಕೆ ಹೋಗಿದ್ದರು, ನೀರು ತುಂಬುವ ಜಾಗವೇ ಅದರಿಂದ ಕಡಿಮೆಯಾಗುತ್ತದೆ. ಊತ, ಬಿಗಿತ, ನೋವು ಬೇಗ ಇಳಿದದ್ದು ಮಾತ್ರ ಕೈಯ ಕೆಲಸವೆಂದು ನಾನು ವಾದಿಸುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ, ಆರಂಭದಲ್ಲಿ ಒಂದು ಸಲಕ್ಕೆ ಆರುನೂರು ತೆಗೆದುಕೊಳ್ಳುತ್ತಿದ್ದೆ, ಈಗ ಸಾವಿರದ ಐನೂರು, ಮನೆಗೆ ಹೋದರೆ ಎರಡು ಸಾವಿರದ ಮೇಲೆ. ಮನೆ ಭೇಟಿಯಲ್ಲಿ ಉಳಿಯುವುದೇನೂ ಇಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆಯುತ್ತದೆ. ಡ್ರೈನ್ ಇರುವ ಮೊದಲ ವಾರ ಮಾತ್ರ ಒಪ್ಪಿಕೊಳ್ಳುತ್ತೇನೆ. ಸೌಂದರ್ಯದ ಆಪರೇಷನ್ನಿಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಸಿಗದ ಕಾರಣ ಪೇಷಂಟು ಮೊದಲೇ ಲಕ್ಷಗಟ್ಟಲೆ ಸುರಿದು ಬಂದಿರುತ್ತಾರೆ. ಹನ್ನೆರಡು ಸಲದ ಪ್ಯಾಕೇಜ್ ಎಂದು ಮುಂಗಡ ಕೇಳಿದರೆ ಮಧ್ಯದಲ್ಲಿ ಬಿಡುತ್ತಾರೆ, ನಾಲ್ಕು ನಾಲ್ಕರಂತೆ ಕೇಳಿದರೆ ಮುಗಿಸುತ್ತಾರೆ. ಒಂದು ಆಸ್ಪತ್ರೆಯವರು ಕಳಿಸಿದ ಪ್ರತಿ ಪೇಷಂಟಿಗೆ ಮೂವತ್ತು ಪರ್ಸೆಂಟ್ ಕೇಳಿದರು. ಲೆಕ್ಕ ಹಾಕಿ ನೋಡಿದೆ, ಬಾಡಿಗೆ ಮತ್ತು ಸಹಾಯಕಿಯ ಸಂಬಳ ಕಳೆದರೆ ನನಗೆ ಉಳಿಯುವುದೇ ಅಷ್ಟು. ಆ ಆಸ್ಪತ್ರೆಯ ಕೇಸುಗಳು ಈಗ ನನಗೆ ಬರುವುದಿಲ್ಲ, ಅಲ್ಲಿಂದ ಕೇಳಿಕೊಂಡು ತಾವಾಗಿ ಬರುವವರು ಬರುತ್ತಾರೆ.

ಸದ್ಯ ನನ್ನನ್ನು ಕಾಡುತ್ತಿರುವುದು ಸೊಂಟದ ಸುತ್ತ ಪೂರ್ತಿ ಹೊಲಿಗೆ ಬಿದ್ದ ಕೇಸುಗಳು. ತೂಕ ವಿಪರೀತ ಇಳಿದ ಮೇಲೆ ಹಿಂದೆಯೂ ಮುಂದೆಯೂ ಚರ್ಮ ತೆಗೆಸಿಕೊಂಡವರಿಗೆ ಬೆನ್ನಿನ ನೀರನ್ನು ಕಂಕುಳಿಗೆ ತರಲು ಒಂದು ಬದಿಗೆ ಮಲಗಿಸಬೇಕು, ಮೊದಲ ವಾರ ಅವರು ಹಾಗೆ ಮಲಗಲಾರರು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ, ಎದುರಿನ ಮೇಜಿನ ಮೇಲೆ ದಿಂಬಿಟ್ಟು ತಲೆ ಊರಿಸಿ ಮಾಡಿ ನೋಡುತ್ತಿದ್ದೇನೆ. ಇಬ್ಬರಲ್ಲಿ ಚೆನ್ನಾಗಿ ಇಳಿಯಿತು, ಒಬ್ಬರಿಗೆ ತಲೆ ಸುತ್ತು ಬಂದು ನಿಲ್ಲಿಸಬೇಕಾಯಿತು. ಈ ಭಂಗಿಯಲ್ಲಿ ಯಾರಾದರೂ ಕೈ ಪಳಗಿಸಿಕೊಂಡಿದ್ದರೆ, ಮೇಜಿನ ಎತ್ತರ ಎಷ್ಟಿಟ್ಟಿರಿ ಎಂಬುದನ್ನು ತಿಳಿಸಿ. ಹೆಬ್ಬೆರಳಿನ ಗುಟ್ಟನ್ನು ಅದಕ್ಕೆ ಬದಲಾಗಿ ಕೊಡಲು ಸಿದ್ಧಳಿದ್ದೇನೆ.