ಬೆಂಗಳೂರಿನಿಂದ ದೆಹಲಿಗೆ: ದೂರವನ್ನೂ ಸಮಯವನ್ನೂ ನಾನೇ ಲೆಕ್ಕ ಹಾಕಿದ ಬಗೆ

ಕೆಲಸದ ನಿಮಿತ್ತ ವರ್ಷಕ್ಕೆ ನಾಲ್ಕೈದು ಬಾರಿ ದೆಹಲಿಗೆ ಹೋಗಿಬರುವ ನಾನು, ಒಮ್ಮೆ ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಬಂದ ಎರಡು ಗಂಟೆಯನ್ನೇ ನಂಬಿ ಸಭೆಯೊಂದಕ್ಕೆ ಒಪ್ಪಿಕೊಂಡು, ಅದು ಅರ್ಧ ಮುಗಿದ ಮೇಲೆ ತಲುಪಿದೆ. ಅಂದಿನಿಂದ ಈ ಲೆಕ್ಕವನ್ನು ಬುಡದಿಂದಲೇ ಮಾಡಿ ನೋಡಬೇಕೆನಿಸಿತು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 13 ಡಿಗ್ರಿ 12 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ (ಇಲ್ಲಿ ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 28 ಡಿಗ್ರಿ 34 ನಿಮಿಷದಲ್ಲಿದೆ. ಎರಡೂ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲೇ ಇರುವುದರಿಂದ ಕಾಗದ ಪೆನ್ಸಿಲು ಸಾಕಾಯಿತು. ಅಕ್ಷಾಂಶದ ಒಂದು ನಿಮಿಷವೆಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ವ್ಯತ್ಯಾಸ 15 ಡಿಗ್ರಿ 22 ನಿಮಿಷ; ಅಂದರೆ 922 ನಾಟಿಕಲ್ ಮೈಲಿ, ಸುಮಾರು 1,708 ಕಿ.ಮೀ. ದೆಹಲಿ ಪಶ್ಚಿಮಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಸರಿದಿರುವುದನ್ನೂ ಪೈಥಾಗೊರಸ್ ಪ್ರಮೇಯದಿಂದ ಸೇರಿಸಿದಾಗ ಹೆಚ್ಚಿದ್ದು ಒಂದು ಕಿಲೋಮೀಟರು ಮಾತ್ರ. ಆದರೆ ಪ್ರಕಟಿತ ಅಂತರ ಸುಮಾರು 1,700 ಎಂದಿತ್ತು. ಈ ಏಳೆಂಟು ಕಿಲೋಮೀಟರು ನನ್ನನ್ನು ಎರಡು ದಿನ ಕಾಡಿತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಒಂದು ಡಿಗ್ರಿ ಅಕ್ಷಾಂಶದ ಉದ್ದ ಸಮಭಾಜಕದ ಬಳಿ 110.6 ಕಿ.ಮೀ., ಧ್ರುವದ ಬಳಿ 111.7 ಕಿ.ಮೀ.; ನಮ್ಮ ಅಕ್ಷಾಂಶಗಳಲ್ಲಿ ಅದು 110.7ರಷ್ಟು. ಈ ಅಳತೆಯಿಂದ ಗುಣಿಸಿದಾಗ ಲೆಕ್ಕ ಕೂಡಿಬಂದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಸಮಯದ ಲೆಕ್ಕ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಏರ್‌ಬಸ್ ಎ320 ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ, ಆ ಪ್ರಕಾರ ಎರಡು ಗಂಟೆ ಮೂರು ನಿಮಿಷ ಸಾಕು. ನಾನು ಚಕ್ರ ನೆಲ ಬಿಟ್ಟ ಕ್ಷಣವನ್ನೂ ನೆಲ ಮುಟ್ಟಿದ ಕ್ಷಣವನ್ನೂ ಗುರುತಿಸಿಕೊಳ್ಳುತ್ತ ಬಂದಾಗ ಸಿಕ್ಕಿದ್ದು ಎರಡೂಕಾಲರಿಂದ ಎರಡೂವರೆ ಗಂಟೆ. ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗಕ್ಕೆ 250 ನಾಟ್‌ಗಳ (ಗಂಟೆಗೆ 250 ನಾಟಿಕಲ್ ಮೈಲಿ, ಅಂದರೆ ಸುಮಾರು 463 ಕಿ.ಮೀ.) ಮಿತಿಯಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕಿಟಕಿಯ ಪಕ್ಕ ಕುಳಿತಾಗ ಹೊಳೆಯಿತು: ಎರಡೂ ನಿಲ್ದಾಣಗಳ ರನ್‌ವೇಗಳು ಬಹುಪಾಲು ಪೂರ್ವ-ಪಶ್ಚಿಮವಾಗಿವೆ, ನಾವು ಹೋಗಬೇಕಾದದ್ದು ಉತ್ತರಕ್ಕೆ, ಹಾಗಾಗಿ ಏರಿದ ಮೇಲೂ ಇಳಿಯುವ ಮುನ್ನವೂ ವಿಮಾನ ತಿರುಗಲೇಬೇಕು. ದೆಹಲಿಯಲ್ಲಿ ಸರದಿಗಾಗಿ ಸುತ್ತು ಹಾಕಿಸಿದರೆ, ಅದರಲ್ಲೂ ಡಿಸೆಂಬರ್-ಜನವರಿಯ ಮಂಜಿನಲ್ಲಿ, ಹೊತ್ತು ಇನ್ನೂ ಬೆಳೆಯುತ್ತದೆ. ದೆಹಲಿ-ಕೋಲ್ಕತ್ತಾ ಹಾದಿಯಲ್ಲಿ ಚಳಿಗಾಲದ ಪಶ್ಚಿಮದ ಗಾಳಿ ಹೋಗುವಾಗ ಹಿಂದಿನಿಂದ ತಳ್ಳಿ, ಬರುವಾಗ ಎದುರಾಗುತ್ತದೆ; ನಮ್ಮ ಹಾದಿಯಲ್ಲಿ ಅದು ಬಹುತೇಕ ಅಡ್ಡಗಾಳಿಯಾದ್ದರಿಂದ ಹೋಗುವ, ಬರುವ ಸಮಯಗಳಲ್ಲಿ ಅಂಥ ದೊಡ್ಡ ಅಂತರ ಕಾಣಲಿಲ್ಲ.

ವೇಳಾಪಟ್ಟಿ ಸಾಮಾನ್ಯವಾಗಿ ಎರಡೂಮುಕ್ಕಾಲರಿಂದ ಮೂರು ಗಂಟೆ ಎನ್ನುತ್ತದೆ, ಏಕೆಂದರೆ ಅದು ನಿಂತ ಜಾಗದಿಂದ ನಿಲ್ಲುವ ಜಾಗದವರೆಗಿನ ಲೆಕ್ಕ. ರನ್‌ವೇವರೆಗಿನ ಓಡಾಟವೂ ಅದರಲ್ಲಿ ಸೇರಿದೆ. ಈಗ ಮಧ್ಯಾಹ್ನ ಎರಡರ ಸಭೆಗೆ ನಾನು ಎಂಟು ಗಂಟೆಯ ವಿಮಾನ ಹಿಡಿಯುತ್ತೇನೆ. ಅದಕ್ಕಾಗಿ ಜಯನಗರದ ಮನೆಯನ್ನು ಬೆಳಿಗ್ಗೆ ನಾಲ್ಕೂವರೆಗೆ ಬಿಡುತ್ತೇನೆ. ಹನ್ನೊಂದರ ಸುಮಾರಿಗೆ ಇಳಿದು, ಸಾಮಾನು ಪಡೆದು, ಟ್ಯಾಕ್ಸಿಯಲ್ಲಿ ದೆಹಲಿಯ ನಡುಭಾಗ ಮುಟ್ಟುವಾಗ ಹನ್ನೆರಡೂವರೆಯಾಗಿರುತ್ತದೆ. ಉಳಿದ ಒಂದೂವರೆ ಗಂಟೆಯನ್ನು ಮಂಜಿಗೂ ಸರದಿಗೂ ಮೀಸಲಿಟ್ಟಿದ್ದೇನೆ.