ಗದ್ದೆ ಮೀನಿಗೂ ಕರೆಂಟ್ ತಿಳಿಯುತ್ತೆ: ನನ್ನ ಅನುಭವ

ಮೀನಿಗೆ ನೀರಿನಲ್ಲಿರುವ ಸಣ್ಣ ಕರೆಂಟೂ ತಿಳಿಯುತ್ತೆ ಅಂತ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸ್ತೀನಿ ಅಂದಾಗ, "ಸಕಲೇಶಪುರಕ್ಕೆ ಶಾರ್ಕ್ ಎಲ್ಲಿಂದ ತರ್ತೀರಿ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ಶಾರ್ಕ್ ಯಾಕೆ ಬೇಕು? ಅದರ ಮೂತಿಯಲ್ಲಿ ಲೋಳೆ ತುಂಬಿದ ತೂತುಗಳಿವೆ, ಸೆಂಟಿಮೀಟರಿಗೆ 5 ನ್ಯಾನೋವೋಲ್ಟ್ (ಒಂದು ವೋಲ್ಟಿನ ನೂರು ಕೋಟಿಯಲ್ಲಿ ಐದು ಪಾಲು) ಇದ್ದರೂ ಹಿಡಿಯುತ್ತದೆ, ಸರಿ. ನಮ್ಮ ಗದ್ದೆಯ ಮೀಸೆ ಮೀನು (ಕ್ಯಾಟ್‌ಫಿಶ್) ಮುರುಗೋಡು ಅಷ್ಟು ಚುರುಕಲ್ಲ, ಆದರೂ ಅದೇ ಜಾಣತನ ಅದಕ್ಕೂ ಇದೆ. 1917ರಲ್ಲಿ ಪಾರ್ಕರ್, ವಾನ್ ಹ್ಯೂಸನ್ ಎಂಬ ವಿಜ್ಞಾನಿಗಳಿಬ್ಬರೂ ಕಣ್ಣು ಕಟ್ಟಿದ ಕ್ಯಾಟ್‌ಫಿಶ್ ಹತ್ತಿರ ಲೋಹದ ಕಡ್ಡಿ, ಗಾಜಿನ ಕಡ್ಡಿ ಹಿಡಿದು ನೋಡಿದ್ದರಲ್ಲ, ನಾನೂ ಅದನ್ನೇ ಹಿಡಿದೆ. ಕಣ್ಣು ಕಟ್ಟುವ ಬದಲು ಕತ್ತಲೆ ಕೋಣೆ, ಕೆಂಪು ಕಾಗದ ಸುತ್ತಿದ ಟಾರ್ಚು.

ಮೊದಲ ತಿಂಗಳು ಬರೀ ನಷ್ಟ. 9 ವೋಲ್ಟ್ ಬ್ಯಾಟರಿಯನ್ನು ನೇರ ನೀರಿಗೆ ಕೊಟ್ಟೆ, ಮೀನು ಹಾರಿ ನೆಲಕ್ಕೆ ಬಿತ್ತು. ಹಿಡಿಯಲು ಹೋದ ನಮ್ಮ ಮನೆಯವಳ ಕೈಗೆ ಮುಳ್ಳು. ಎರಡು ದಿನ ಮಾತಿಲ್ಲ. ಆಮೇಲೆ ಸ್ಟೀಲ್ ಚಮಚ ಹಿಡಿದರೆ ಮೀನು ಕ್ಯಾರೇ ಅನ್ನಲಿಲ್ಲ. ಟ್ಯಾಂಕು, ಫಿಲ್ಟರ್ ಮೋಟಾರು ಎಲ್ಲಾ ಸೇರಿ ಮೂರೂವರೆ ಸಾವಿರ ನೀರಿಗೆ ಹಾಕಿದ್ದೆ, ನಿಜವಾಗಿಯೂ.

ದಾರಿ ತೋರಿಸಿದ್ದು ಮಳೆ. ಒಂದು ರಾತ್ರಿ ಕರೆಂಟ್ ಹೋಯ್ತು, ಮೋಟಾರು ನಿಂತಿತು. ಬೇಜಾರಿಗೆ ಸುಮ್ನೆ ತಾಮ್ರದ ತಂತಿ ಸುತ್ತಿದ ಕಬ್ಬಿಣದ ಮೊಳೆ ಇಳಿಸಿದೆ (ಎರಡು ಬೇರೆ ಲೋಹ ನೀರಿನಲ್ಲಿ ಸೇರಿದರೆ ಸಣ್ಣ ಕರೆಂಟ್ ಹುಟ್ಟುತ್ತೆ). ನಾಲ್ಕು ಬೆರಳು ದೂರದಲ್ಲೇ ಮೀನು ಗಕ್ಕನೆ ತಿರುಗಿತು! ಗಾಜಿನ ಕಡ್ಡಿ ಇಳಿಸಿದೆ, ಮೈಗೆ ತಾಗುವವರೆಗೂ ಅಲುಗಲಿಲ್ಲ. ಇಷ್ಟು ದಿನ ಕೆಡಿಸಿದ್ದು ಮೋಟಾರಿನ ನಡುಕವೋ, ಅದರಿಂದ ಸೋರುವ ಕರೆಂಟೋ, ಎರಡೂ ಇರಬಹುದು. ಮುರುಗೋಡು ಮೇಲೆ ಬಂದು ಗಾಳಿ ಕುಡಿಯುವ ಮೀನು, ಅದಕ್ಕೆ ಮೋಟಾರೇ ಬೇಕಿರಲಿಲ್ಲ ಅಲ್ವಾ! ಆರುನೂರು ರೂಪಾಯಿ ದಂಡ. ಇಪ್ಪತ್ತು ಸಲಕ್ಕೆ ಹದಿನಾಲ್ಕೋ ಹದಿನೈದೋ ಸಲ ಮೊಳೆಗೆ ತಿರುಗಿತು, ಗಾಜಿಗೆ ಎರಡೇ ಸಲ.

ಪೆನ್ಸಿಲ್ ಸೆಲ್ಲಿಗೆ ದೊಡ್ಡ ರೆಸಿಸ್ಟರ್ ಹಾಕಿ ಕರೆಂಟ್ ತೀರಾ ಸಣ್ಣದು ಮಾಡಿದರೆ ಇನ್ನೂ ಮಜಾ. ಓಡುವ ಬದಲು ಹತ್ತಿರ ಬಂದು ತಂತಿಯನ್ನೇ ಕಚ್ಚಿ ನೋಡುತ್ತೆ. ಎಷ್ಟು ಓಮ್ ಅಂತ ಕೇಳಬೇಡಿ, ನಮ್ಮ ವಿಜ್ಞಾನ ಪ್ರದರ್ಶನ ಮುಗಿಯಲಿ.

ಇನ್ನೊಂದು ಹುಚ್ಚು. 1971ರಲ್ಲಿ ಕಾಲ್ಮೈನ್ ಎಂಬ ವಿಜ್ಞಾನಿ ಮರಳಿನಡಿ, ವಾಸನೆ ಹೊರಬರದಂತೆ ಅಗರ್ ಜೆಲ್ಲಿ ಹೊದಿಸಿ ಮೀನು ಬಚ್ಚಿಟ್ಟರೂ ಶಾರ್ಕ್ ಕಂಡುಹಿಡಿದಿತ್ತು. ನಾನು ಕಿರಾಣಿ ಅಂಗಡಿಯ ಚೈನಾ ಗ್ರಾಸ್ (ಅದೂ ಅಗರೇ) ಕಾಯಿಸಿ ಅದರೊಳಗೆ ಎರೆಹುಳು ಇಟ್ಟೆ. ಐದು ಸಲದಲ್ಲಿ ಎರಡು ಸಲ ಸಿಕ್ಕಿತು. ಆದರೆ ಜೆಲ್ಲಿ ಬಿರುಕು ಬಿಟ್ಟಿತ್ತು, ವಾಸನೆ ಹಿಡಿದೇ ಬಂದಿರಬೇಕು. ಲೆಕ್ಕಕ್ಕೆ ತಗೊಂಡಿಲ್ಲ. ಉಳಿದ ಚೈನಾ ಗ್ರಾಸ್ ಪುಡ್ಡಿಂಗ್ ಆಯ್ತು, ಮನೆಯಲ್ಲಿ ಮಾತೂ ಶುರುವಾಯ್ತು.