ಶಿಡ್ಲಘಟ್ಟದ ರೀಲಿಂಗ್ ಹುಡುಗರ ಜೊತೆ ಕ್ರಿಸ್ಮಸ್: ನನ್ನ ಅನುಭವ

ಹೋದ ಡಿಸೆಂಬರ್‌ನಲ್ಲಿ ನಮ್ಮ ಕ್ರಿಸ್ಮಸ್ ಕೂಟಕ್ಕೆ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯೋ (ರೀಲಿಂಗ್) ಮುಸ್ಲಿಂ ಮೊಹಲ್ಲಾದಿಂದ ಬಂದ ಹುಡುಗ ಹುಡುಗಿಯರೇ 140ರ ಮೇಲಿದ್ದರು. ತಾಯಂದಿರನ್ನು ಎಣಿಸಿಲ್ಲ. "ಅಲ್ಲಿ ಒಬ್ಬರೂ ಬರಲ್ಲ ಬ್ರದರ್, ದುಡ್ಡು ಹಾಳು" ಅಂತ ನಮ್ಮ ಸಭೆಯ ಹಿರಿಯರು ಶುರುವಿನಲ್ಲೇ ಹೇಳಿದ್ದರು. ಅದಕ್ಕೇ ಇದನ್ನು ಬರೀತಿದ್ದೀನಿ. ಕ್ಯಾರಲ್ಸ್, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಕೂಟ ಹೇಗೆ ನಡೆಸೋದು ಅಂತ ಸೇವೆಯಲ್ಲಿರೋರಿಗೆ ಹೇಳಬೇಕಾಗಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನೇ ಹೇಳ್ತೀನಿ.

2013ರಲ್ಲಿ ಒಂದು ಹಾಲ್ ಹಿಡಿದೆ. ಕುರ್ಚಿ, ಸೌಂಡು, 150 ಜನಕ್ಕೆ ಚಿಕನ್ ಪಲಾವ್. ಒಟ್ಟು 38 ಸಾವಿರ ಆಗಿರಬೇಕು, ಅರ್ಧಕ್ಕರ್ಧ ಹೆಂಡತಿಯ ಚೀಟಿ ದುಡ್ಡು. ಬಂದವರು 11 ಜನ, ಅದರಲ್ಲಿ 7 ನಮ್ಮ ಸಭೆಯ ಮಕ್ಕಳೇ. ಉಳಿದ ನಾಲ್ವರು ತಟ್ಟೆ ಮುಟ್ಟಲಿಲ್ಲ. ಕೋಳಿ ಯಾರು ಕೊಯ್ದರು ಅಂತ ನಾನು ಯಾರಿಗೂ ಹೇಳಿರಲಿಲ್ಲ, ಅವರು ಹೇಗೆ ತಿಂತಾರೆ? ರಾತ್ರಿ ಹತ್ತಕ್ಕೆ ಆ ಪಲಾವನ್ನು ಆಟೋದಲ್ಲಿ ಹಾಕಿಕೊಂಡು ಮನೆಮನೆಗೆ ಹಂಚಿದ್ದು ಇವತ್ತಿಗೂ ಮರೆತಿಲ್ಲ.

2014ರಲ್ಲಿ ಹಲಾಲ್ ಸರಿಮಾಡಿಕೊಂಡೆ, ಕೇಕಿನಲ್ಲಿ ಸಿಕ್ಕಿಹಾಕಿಕೊಂಡೆ. ಹೊರಗಿನ ಒಂದು ಬೇಕರಿಯಿಂದ 12 ಕೆಜಿ ಪ್ಲಮ್ ಕೇಕ್ ತರಿಸಿದ್ದೆ. ರಮ್ ಹಾಕಿಲ್ಲ ಅಂತ ಎರಡು ಸಲ ಕೇಳಿದ್ದೆ. ಡಬ್ಬಿ ತೆಗೆದ ಕೂಡಲೇ ವಾಸನೆಯೇ ಹೇಳಿತು. ಫಿಲೇಚರ್‌ನಲ್ಲಿ (ನೂಲು ತೆಗೆಯೋ ಕಾರ್ಖಾನೆಯಲ್ಲಿ) ಕೆಲಸ ಮಾಡೋ ದೊಡ್ಡ ಹುಡುಗನೊಬ್ಬ ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಕೆಳಗಿಟ್ಟು, ಚಿಕ್ಕವರನ್ನೆಲ್ಲ ಕರೆದುಕೊಂಡು ಹೋದ. ಒಂದು ಮಾತೂ ಬೈಯಲಿಲ್ಲ. ಆರು ಸಾವಿರ ಹೋಯಿತು, ನಂಬಿಕೆ ಗಳಿಸೋಕೆ ಇನ್ನೊಂದು ವರ್ಷ ಹಿಡಿಯಿತು. ಆಮೇಲಿಂದ ಖರ್ಜೂರ, ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿ, ಮೊಹಲ್ಲಾದ ಬೇಕರಿ ಭಟ್ಟಿಯಲ್ಲೇ ಸುಡಿಸ್ತೀನಿ. ಏನು ಬೀಳ್ತಿದೆ ಅಂತ ಎಲ್ಲರ ಕಣ್ಣಿಗೂ ಕಾಣುತ್ತೆ.

ದಾರಿ ತೆರೆದಿದ್ದು 2015ರಲ್ಲಿ. ಆ ವರ್ಷ ಡಿಸೆಂಬರ್ 24ಕ್ಕೆ ಮೀಲಾದ್ (ಪ್ರವಾದಿ ಮಹಮ್ಮದರ ಜನ್ಮದಿನ), 25ರ ಶುಕ್ರವಾರ ಕ್ರಿಸ್ಮಸ್. ಬೀದಿ ತುಂಬ ಹುಡುಗರು ಹಸಿರು ದೀಪ ಕಟ್ಟುತ್ತಿದ್ದರು. ನನಗೆ ವೈರಿಂಗ್ ಬರುತ್ತೆ, ಎರಡು ರಾತ್ರಿ ಅವರ ಜೊತೆ ಏಣಿ ಹತ್ತಿದೆ. ಮೀಲಾದ್ ಮುಗಿದ ಮೇಲೆ "ನಾಳೆ ನಿಮ್ಮದು ಅಲ್ವಾ ಅಂಕಲ್, ಇರಲಿ ಬಿಡಿ" ಅಂತ ದೀಪ ಬಿಚ್ಚದೆ ಬಿಟ್ಟರು. ಶುಕ್ರವಾರ ಸಂಜೆ ಆ ದೀಪದ ಕೆಳಗೇ, ಒಬ್ಬ ರೀಲರ್ ಮನೆಯ ತಾರಸಿಯಲ್ಲಿ, 40 ಜನ ಕೂತರು. ಹಾಲ್ ಬಾಡಿಗೆ ಅಂದಿಗೆ ನಿಂತಿತು.

ಸಮಯ ಮುಖ್ಯ. ಸಂಜೆಯ ಮಗ್ರಿಬ್ ನಮಾಜ್ ಮುಗಿದ ಮೇಲೆ ಶುರು, ರಾತ್ರಿಯ ಇಶಾ ಅಜಾನ್‌ಗೆ ಮುಂಚೆ ಮುಕ್ತಾಯ. ಒಂದು ಗಂಟೆ ಸಿಕ್ಕಿದರೆ ಹೆಚ್ಚು. ಕೀಬೋರ್ಡ್ ಮನೆಯಲ್ಲೇ ಬಿಟ್ಟೆ, ದಫ್ (ಕೈತಮಟೆ) ಸಾಕು. ಇಲ್ಲಿನ ಉರ್ದು, ಅಂದರೆ ದಖನಿಯಲ್ಲಿ ಒಂದು ಹಾಡು ಕಟ್ಟಿದ್ದೀನಿ, ಅದು ನಮ್ಮ ಮೊಹಲ್ಲಾದ್ದು, ಇಲ್ಲಿ ಬರೆಯಲ್ಲ. ಜನನದ ಕಥೆಯನ್ನು ನಮ್ಮ ಹುಡುಗಿ ಲೂಕನ ಎರಡನೇ ಅಧ್ಯಾಯದಿಂದ ಓದ್ತಾಳೆ. ಅವರ ಹುಡುಗಿ ಕುರ್‌ಆನಿನ 19ನೇ ಸೂರಾ, ಮರಿಯಂ, ಓದಿ ಅರ್ಥ ಹೇಳ್ತಾಳೆ. ಹೆರಿಗೆ ನೋವಲ್ಲಿ ಬೀಬಿ ಮರಿಯಂ (ಯೇಸುವಿನ ತಾಯಿ) ಖರ್ಜೂರದ ಮರಕ್ಕೆ ಒರಗೋ ಜಾಗ ಬಂದಾಗ ಎಲ್ಲರ ಕೈಗೂ ಖರ್ಜೂರ ಕೊಡ್ತೀವಿ. ಆ ಹೊತ್ತಿನ ನಿಶ್ಶಬ್ದ ಯಾವ ದೊಡ್ಡ ಕೂಟದಲ್ಲೂ ನಾನು ಕಂಡಿಲ್ಲ. ಅವರಿಗೆ ಈಸಾ (ಯೇಸು) ಪ್ರವಾದಿ, ದೇವರ ಮಗ ಅಲ್ಲ. ಅದನ್ನು ನನ್ನೆದುರಿಗೇ ಹೇಳ್ತಾರೆ. ಯೇಸು ನನಗೆ ಯಾರು ಅಂತ ಕೇಳಿದರೆ ನಾನೂ ಮುಚ್ಚಿಡಲ್ಲ.

ಉಡುಗೊರೆ ಕೊಡೋದನ್ನು ಪೂರ್ತಿ ನಿಲ್ಲಿಸಿದ್ದೀನಿ. 2022ರ ಮತಾಂತರ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಪೆನ್ನು ಟಿಫಿನ್ ಡಬ್ಬಿ ಕೊಟ್ಟ ವರ್ಷ ಮಕ್ಕಳ ಕಣ್ಣೆಲ್ಲ ಡಬ್ಬಿ ಮೇಲೇ ಇತ್ತು. 18 ತುಂಬದವರು ಅಮ್ಮ ಒಪ್ಪಿದರಷ್ಟೇ ಬರಬೇಕು. ಅದಕ್ಕೆ ನವೆಂಬರ್‌ನಲ್ಲೇ ಮನೆಮನೆಗೆ ಹೋಗ್ತೀವಿ. ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಯಾದ ಅಜ್ಜಿಯರು ಇನ್ನೂ ಇದ್ದಾರೆ, ಮಾತು ಅಲ್ಲಿಂದ ಶುರುವಾದರೆ ಚಹಾ ಬಂದೇ ಬರುತ್ತೆ. ಹೊಸಿಲಲ್ಲಿ ಮೊದಲು ಏನು ಹೇಳ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ರೇಷ್ಮೆ ಗೂಡಿನ ಮಾಲೆಯ ಪ್ರಯೋಗವೂ ಆಯಿತು. ಮೊದಲ ವರ್ಷ ಮಾರುಕಟ್ಟೆಯಿಂದ ಹುಳು ಇನ್ನೂ ಒಳಗೆ ಬದುಕಿರೋ ಹಸಿ ಗೂಡು ತಂದು ಪೋಣಿಸಿ ಗೋದಲಿಗೆ ಕಟ್ಟಿದ್ವಿ. ಒಂದು ವಾರಕ್ಕೆ ಚಿಟ್ಟೆ ಹೊರಬಿದ್ದು, ಕಂದು ನೀರು ಸುರಿದು, ಮರಿಯಳ ಬಟ್ಟೆಯೆಲ್ಲ ಕಲೆ. ಈಗ ರೇಷ್ಮೆ ಮೊಟ್ಟೆ ತಯಾರಿಸೋ ಬಿತ್ತನೆ ಕೋಠಿಯಿಂದ, ಚಿಟ್ಟೆ ಹೊರಬಂದು ಖಾಲಿಯಾದ ತೂತುಗೂಡು ತರ್ತೀವಿ. ಬೈವೋಲ್ಟೀನ್ ತಳಿಯದು ಬಿಳಿ, ಶುದ್ಧ ಮೈಸೂರು ತಳಿಯದು ಹಸಿರು ಮಿಶ್ರಿತ ಹಳದಿ, ಬಣ್ಣ ಹಾಕೋದೇ ಬೇಡ. ಹುಳು ಗೂಡು ಕಟ್ಟೋ ಹಳೇ ಚಂದ್ರಿಕೆಯ ಬಿದಿರು ಸೀಳಿ, ಗಾಳಿಪಟದ ಕಾಗದ ಅಂಟಿಸಿ ಹುಡುಗರೇ ನಕ್ಷತ್ರ ಮಾಡ್ತಾರೆ. ಅಂಗಡಿ ನಕ್ಷತ್ರ ಅದರ ಹತ್ತಿರವೂ ಬರಲ್ಲ.

ಈಗಿನ ಖರ್ಚು 17, 18 ಸಾವಿರ. ಬಿರಿಯಾನಿಯ ಅಕ್ಕಿ ನಮ್ಮದು, ಮಾಂಸದ ದುಡ್ಡನ್ನು ಹೋದ ಎರಡು ವರ್ಷ ಮೊಹಲ್ಲಾದವರೇ ಕೊಟ್ಟರು, ದೇಗ್ಚಿ ಪಾತ್ರೆಯ ಬಾಡಿಗೆಯೂ ಇಲ್ಲ. ನಮ್ಮ ಹಿರಿಯರೂ ಈಗ ಮೊದಲ ಸಾಲಲ್ಲೇ ಕೂರ್ತಾರೆ.

ನಿಮ್ಮ ಸಭೆಗೆ ಗೂಡಿನ ಮಾಲೆ ಬೇಕಿದ್ದರೆ ಅಕ್ಟೋಬರ್ ಒಳಗೆ ಹೇಳಿ. ಹುಡುಗರು ಒಂದು ಸಂಜೆಗೆ 30 ಮಾಲೆ ಪೋಣಿಸ್ತಾರೆ, ಕೂಲಿ ನೇರ ಅವರ ಕೈಗೇ ಕೊಡಬೇಕು.